ಆಡಿನ ತಪ್ಪೇನಿರಲಿಲ್ಲ

ಸೈಕಲ್ಲಿನಿಂದ ಬೀಳೋದರಲ್ಲೂ ಒಂದು ಮರ್ಯಾದೆ ಅಂತ ಇದೆ. ವೇಗ ಇರಬೇಕು, ತಿರುವು ಇರಬೇಕು, ಕೊನೇಪಕ್ಷ ರಸ್ತೆಯಲ್ಲೊಂದು ಗುಂಡಿಯಾದರೂ ಇರಬೇಕು. ನಾನು ಬಿದ್ದದ್ದು ನಿಂತಲ್ಲಿ. ಒಂದು ಅಕ್ಟೋಬರ್ ರವಿವಾರ ಬೆಳಿಗ್ಗೆ, ಗದಗಿನ ಮಗ್ಗುಲಿನ ನಾಗಾವಿಯಲ್ಲಿ, ಗಂಟೆಗೆ ಸೊನ್ನೆ ಕಿಲೋಮೀಟರ್ ವೇಗದಲ್ಲಿ, ಹಾಡಹಗಲು, ಹೆಲ್ಮೆಟ್ ಹಾಕಿಕೊಂಡು ಬಿದ್ದೆ.

ಬಿದ್ದ ಕಥೆ ಎರಡು ನಿಮಿಷದ್ದು. ಅದರ ನಂತರದ ಎರಡು ನಿಮಿಷದಲ್ಲಿ ನಾನು ಮಾಡಿದ್ದು ಬೇರೆ. ಅದನ್ನು ಹೇಳೋಕೆ ಈ ಬರಹ. ಆದರೆ ಮೊದಲು ನಿಂತಲ್ಲಿ ಬೀಳೋದು ಹೇಗೆ ಅನ್ನೋದನ್ನ ಹೇಳಬೇಕು. ಇಲ್ಲದಿದ್ದರೆ ನೀವೂ ನಂಬೋದಿಲ್ಲ.

ನಮ್ಮ ಮನೆ ಬೆಟಗೇರಿಯಲ್ಲಿ. ನನ್ನ ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರು. ವರ್ಷಕ್ಕೆರಡು ಸಲ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದು ಹದಿನೈದು ದಿನ ಅವ್ವನ ಕೈ ರೊಟ್ಟಿ ತಿಂದು ಹೋಗೋದು ರೂಢಿ. ಈ ಸಲ ಸೈಕಲ್ಲೂ ಜೊತೆಗೆ ಬಂದಿತ್ತು, ಅದಕ್ಕೆ ಹೊಸ ಪೆಡಲ್ಲೂ ಬಂದಿತ್ತು. ಕ್ಲಿಪ್‌ಲೆಸ್ ಪೆಡಲ್. ಹೆಸರು ಕೇಳಿದರೆ ಕ್ಲಿಪ್ಪೇ ಇಲ್ಲ ಅನಿಸ್ತದೆ, ತುಳಿದರೆ ಕಾಲು ಖಟ್ ಅಂತ ಸಿಕ್ಕಿಕೊಳ್ತದೆ. ಹಿಂದೆ ರೇಸಿನವರು ಪೆಡಲ್ ಮೇಲೊಂದು ಕಬ್ಬಿಣದ ಪಂಜರ, ಅದಕ್ಕೊಂದು ತೊಗಲಿನ ಪಟ್ಟಿ ಹಾಕಿ ಪಾದ ಬಿಗಿಯುತ್ತಿದ್ದರು. ಆ ಪಂಜರಕ್ಕೆ ಟೋ ಕ್ಲಿಪ್ ಅಂತ ಹೆಸರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿಯವರು, ಹಿಮದ ಮೇಲೆ ಜಾರುವ ಸ್ಕೀಗೆ ಬೂಟು ಕಚ್ಚಿಸುವ ತಂತ್ರವನ್ನೇ ಸೈಕಲ್ಲಿಗೆ ತಂದರು. ಮರುವರ್ಷ ಬರ್ನಾರ್ ಇನೋ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಪಂಜರ ಹೋಯಿತು, ಕಟ್ಟು ಉಳಿಯಿತು. ಹಾಗಾಗಿ ಈ ಹೆಸರು.

ಬೂಟಿನ ಅಡಿಯಲ್ಲಿ ಒಂದು ಲೋಹದ ತುಂಡು ಇರ್ತದೆ, ಕ್ಲೀಟ್ ಅಂತಾರೆ. ಅದು ಪೆಡಲ್ಲಿನ ಸ್ಪ್ರಿಂಗಿನೊಳಗೆ ಹೋಗಿ ಕೂರ್ತದೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಮೇಲಕ್ಕೆ ಎತ್ತಿದರೆ ಬರೋದಿಲ್ಲ. ಅದು ಎತ್ತಿದರೆ ಬರಬಾರದು ಅಂತಲೇ ಮಾಡಿದ್ದು. ಇಲ್ಲೇ ಇರೋದು ಸಮಸ್ಯೆ. ನಾನು ಎಂಟು ವರ್ಷದವನಿದ್ದಾಗ ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತವನು. ಅಂದಿನಿಂದ ನನ್ನ ಕಾಲಿಗೆ ಗೊತ್ತಿರೋದು ಒಂದೇ: ಬೀಳುವ ಹಾಗಾದರೆ ಎತ್ತು, ನೆಲಕ್ಕಿಡು. ಹೊಸ ಪಾಠ ತಲೆಗೆ ಹೋಗಿತ್ತು, ಕಾಲಿಗೆ ಇನ್ನೂ ತಲುಪಿರಲಿಲ್ಲ.

ಸುಮ್ಮನೆ ಹೊರಟವನೂ ಅಲ್ಲ. ಸ್ಪ್ರಿಂಗಿನ ಬಿಗಿ ಕಡಿಮೆ ಮಾಡೋಕೆ ಒಂದು ಸ್ಕ್ರೂ ಇರ್ತದೆ, ಅದನ್ನು ಆದಷ್ಟು ಸಡಿಲ ಮಾಡಿದ್ದೆ. ಹಿತ್ತಲಿನ ಗೋಡೆಗೆ ಕೈಕೊಟ್ಟು ನಿಂತು ಎಡಗಾಲು ಐವತ್ತು ಸಲ, ಬಲಗಾಲು ಐವತ್ತು ಸಲ ಹಾಕಿ ತೆಗೆದಿದ್ದೆ. ಅಪ್ಪ ಪೇಪರ್ ಓದುತ್ತಾ ಒಂದು ಸಲ ಕತ್ತೆತ್ತಿ ನೋಡಿ, “ಕಾಲ ಕಟ್ಟಿ ಹಾಕ್ಕೊಳ್ಳಾಕ ರೊಕ್ಕ ಕೊಟ್ಟು ತಂದೀಯೇನೋ?” ಅಂದಿದ್ದರು. ಇದರಿಂದ ಏರಿನಲ್ಲಿ ಕಾಲು ಜಾರಂಗಿಲ್ಲ ಅಂತ ಏನೇನೋ ವಿವರಿಸಿದೆ. ಅವರು ಪೇಪರಿಗೆ ವಾಪಸ್ ಹೋದರು.

ಅವತ್ತು ಬೆಳಿಗ್ಗೆ ಊರು ದಾಟಿ ನಾಗಾವಿ ಕಡೆ ಹೊರಟೆ. ಮಳೆಗಾಲ ಮುಗಿದ ನಮ್ಮ ಕಡೆಯ ಬೆಳಿಗ್ಗೆಗೆ ನಾನು ಏನು ಬೇಕಾದರೂ ಕೊಟ್ಟೇನು. ಎರಿ ಹೊಲದಲ್ಲಿ ಬಿಳಿಜೋಳ ಆಗಷ್ಟೇ ಗೇಣುದ್ದ ಎದ್ದಿತ್ತು. ದೂರದಲ್ಲಿ ಕಪ್ಪತಗುಡ್ಡ, ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ಸುತ್ತುತ್ತಿದ್ದವು. ನಡುವೆ ಇಬ್ಬರು ಹುಡುಗರು ರೇಸ್ ಸೈಕಲ್ಲಿನಲ್ಲಿ ನನ್ನನ್ನು ದಾಟಿ ಹೋದರು. ಗದಗ, ಬಾಗಲಕೋಟೆ, ವಿಜಯಪುರದ ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ರೇಸುಗಳಲ್ಲಿ ಗೆದ್ದು ಬರೋದು ನಮ್ಮಲ್ಲಿ ಹೊಸ ಸುದ್ದಿಯಲ್ಲ. ನಾನು ಬೆಂಗಳೂರಿನಿಂದ ದೊಡ್ಡ ವಿದ್ಯೆ ಅಂತ ಹೊತ್ತು ತಂದಿದ್ದ ಆ ಖಟ್ ಶಬ್ದ ಅವರ ಕಾಲಲ್ಲಿ ಯೋಚನೆಯೇ ಇಲ್ಲದೆ ಆಗುತ್ತಿತ್ತು.

ನಾಗಾವಿಯಲ್ಲಿ ರಸ್ತೆಗೆ ಅಡ್ಡ ಆಡುಗಳು ಬಂದವು. ಹದಿನೈದೋ ಇಪ್ಪತ್ತೋ ಇರಬೇಕು. ಹಿಂದೆ ಒಬ್ಬ ಹುಡುಗ, ಹನ್ನೊಂದು ಹನ್ನೆರಡು ವಯಸ್ಸು, ಕೈಯಲ್ಲೊಂದು ಬರಲು. ನಾನು ಹತ್ತು ಮಾರು ದೂರದಲ್ಲೇ ಬ್ರೇಕ್ ಹಿಡಿದೆ. ಎಡಗಾಲಿನ ಹಿಮ್ಮಡಿ ತಿರುಗಿಸಿದೆ, ಬಿಟ್ಟಿತು. ಎಡಗಾಲು ನೆಲಕ್ಕಿಟ್ಟು, ಬಲಗಾಲು ಪೆಡಲ್ಲಿನಲ್ಲೇ ಇಟ್ಟುಕೊಂಡು, ಪುಸ್ತಕದಲ್ಲಿ ಬರೆದ ಹಾಗೆ ನಿಂತೆ. ಆಡುಗಳು ದಾಟಿದವು. ಹುಡುಗ ದಾಟಿದ. ನನ್ನ ಬಗ್ಗೆ ನನಗೇ ಹೆಮ್ಮೆ ಅನಿಸಿತು, ಸುಳ್ಳು ಯಾಕೆ ಹೇಳಲಿ. ಹಿಂದೆ ಉಳಿದ ಮರಿಯೊಂದು ‘ಮ್ಯಾ’ ಅಂತ ಓಡಿ ಹೋಗಿ ಗುಂಪು ಸೇರಿತು. ಅದನ್ನು ನೋಡಲು ಬಲಕ್ಕೆ ತಿರುಗಿದೆ. ಹ್ಯಾಂಡಲ್ಲೂ ನನ್ನ ಜೊತೆ ತಿರುಗಿತು. ಸೈಕಲ್ಲಿನ ಭಾರ ಬಲಕ್ಕೆ ವಾಲಿತು.

ಬಲಗಾಲು ಎತ್ತಿದೆ. ಬರಲಿಲ್ಲ. ಇನ್ನೂ ಜೋರಾಗಿ ಎತ್ತಿದೆ.

ಕಡಿದ ಮರ ವಾಲುವ ಹಾಗೆ, ಅಷ್ಟೇ ನಿಧಾನಕ್ಕೆ, ಅಷ್ಟೇ ಗಂಭೀರವಾಗಿ ರಸ್ತೆಯ ನಡುವಿನ ಕಡೆಗೆ ಬಿದ್ದೆ. ಮೊಣಕೈ ತರಚಿತು, ಸೊಂಟಕ್ಕೆ ಪೆಟ್ಟಾಯಿತು. ಬಿದ್ದ ಮೇಲೂ ಕಾಲು ಪೆಡಲ್ಲಿನಲ್ಲೇ ಇತ್ತು. ಮಗುಚಿದ ಆಮೆಯ ಹಾಗೆ ಒದ್ದಾಡುತ್ತಾ ಹಿಮ್ಮಡಿ ತಿರುಗಿಸಬೇಕು ಅನ್ನೋದನ್ನ ಈಗ ನೆನಪು ಮಾಡಿಕೊಂಡೆ.

ಚಾದಂಗಡಿಯಿಂದ ನಾಲ್ಕೈದು ಜನ ಓಡಿ ಬಂದರು. “ಏಳ್ರಿ, ಏಳ್ರಿ ಸರ, ಪೆಟ್ಟಾತೇನ್ರಿ?” ಒಬ್ಬರು ಸೈಕಲ್ ಎತ್ತಿದರು, ಒಬ್ಬರು ನೀರು ತಂದರು. ಅರವತ್ತು ದಾಟಿದ, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ನನ್ನ ಕೈ ಹಿಡಿದು ಎಬ್ಬಿಸಿದರು. ಎಬ್ಬಿಸಿದವರೇ ಆ ಕಡೆ ತಿರುಗಿ, “ಏ ಖೋಡಿ, ರಸ್ತೇದಾಗ ಆಡು ಬಿಟ್ಟು ಎಲ್ಲಿ ನೋಡಾಕತ್ತಿದ್ದೀಲೇ?” ಅಂತ ಹುಡುಗನನ್ನು ಕರೆದು ತಲೆಗೆ ಒಂದು ಬಿಟ್ಟರು. ಜೋರಾಗೇನಲ್ಲ. ನಮ್ಮ ಕಡೆ ಕಾಕಾ-ಮಾಮಾ ಆದವರು ಸಣ್ಣ ಹುಡುಗರ ತಲೆಗೆ ಬಿಡುವಂಥದ್ದು.

ಹುಡುಗ ನನ್ನ ಕಡೆ ನೋಡಿದ. ಅವನಿಗೆ ಗೊತ್ತಿತ್ತು. ಆಡುಗಳು ದಾಟಿ ಆಗಿತ್ತು, ನಾನು ನಿಂತಿದ್ದೆ, ಆಮೇಲೆ ಬಿದ್ದೆ, ಇಷ್ಟನ್ನೂ ಅವನು ಕಣ್ಣಾರೆ ನೋಡಿದ್ದ. ಅಲ್ಲಿ ಇದನ್ನು ನೋಡಿದವರು ನಾವಿಬ್ಬರೇ. ನಾನು ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು.

ನಾನು ಹೇಳಿದ್ದು ಇದು: “ಇರಲಿ ಬಿಡ್ರಿ ಕಾಕಾ, ಸಣ್ಣ ಹುಡುಗ, ಗೊತ್ತಾಗಂಗಿಲ್ಲ.”

ಒಬ್ಬರು ಅಂದರು, “ಸರ್‌ದು ಮನಸು ದೊಡ್ಡದು ನೋಡ್ರಿ.”

ಸುಳ್ಳು ಹೇಳಿದೆನಾ? ವಾರವಿಡೀ ನನ್ನ ಜೊತೆ ನಾನೇ ಜಗಳ ಆಡಿದ್ದು ಇದರ ಮೇಲೆ. ಆಡು ಅಡ್ಡ ಬಂತು ಅಂತ ನಾನು ಹೇಳಲಿಲ್ಲ. ಹುಡುಗನ ಕಡೆ ಬೆರಳು ಮಾಡಲಿಲ್ಲ. ಬದಲಿಗೆ ಅವನನ್ನು ಬಿಡಿಸಿದೆ. ನನ್ನ ಮಾತಿನಲ್ಲಿ ಒಂದೊಂದೇ ಪದ ತೆಗೆದು ನೋಡಿ, ಒಂದೂ ಸುಳ್ಳಲ್ಲ. ಅವನು ಸಣ್ಣ ಹುಡುಗನೇ. ಆದರೆ ಎಲ್ಲ ಸೇರಿಸಿದರೆ ಅದೊಂದು ತೀರ್ಪು. ಕ್ಷಮೆ ಅಂದಾಗಲೇ ಅದರೊಳಗೆ ಒಂದು ತಪ್ಪು ಇದ್ದೇ ಇರ್ತದೆ, ಆ ತಪ್ಪಿಗೊಬ್ಬ ಮಾಲೀಕ ಇರ್ತಾನೆ. ತಪ್ಪೇ ಮಾಡದವನನ್ನು ಕ್ಷಮಿಸೋದು ಅಂದರೆ ಅವನ ಹೆಸರಿಗೆ ಒಂದು ತಪ್ಪನ್ನು ಬರೆದು, ಕೆಳಗೆ ನಾವು ಸಹಿ ಹಾಕೋದು. ಬೈದಿದ್ದರೆ ಅವನು ತಿರುಗಿ ಮಾತಾಡಬಹುದಿತ್ತೇನೋ. ಕ್ಷಮಿಸಿದವನ ಎದುರು ಏನು ಅಂತ ಮಾತಾಡ್ತಾನೆ? ಮೇಲಾಗಿ ನನಗೆ ದೊಡ್ಡ ಮನಸ್ಸಿನವನು ಅನ್ನುವ ಹೆಸರು ಬೇರೆ ಬಂತು. ಅವನ ತಲೆಗೆ ಬಿದ್ದ ಏಟಿನ ಬಡ್ಡಿ ಅದು.

ಯಾಕೆ ಹಾಗೆ ಹೇಳಿದೆ ಅಂದರೆ ಕಾರಣ ಬಹಳ ಸಣ್ಣದು. ನಾಚಿಕೆ. ‘ಕಾಲು ಪೆಡಲ್ಲಿಗೆ ಸಿಕ್ಕಿಕೊಂಡು ಬಿದ್ದೆ’ ಅಂತ ಚಾದಂಗಡಿ ಮುಂದೆ, ಟೈಟ್ ಚಡ್ಡಿ ಹಾಕಿಕೊಂಡು ನಿಂತು ಹೇಳಬೇಕಿತ್ತು. ಸೊಂಟದ ನೋವನ್ನು ತಡೆದುಕೊಂಡವನಿಗೆ ಐದು ಜನ ನಗೋದನ್ನ ತಡೆದುಕೊಳ್ಳೋಕೆ ಆಗಲಿಲ್ಲ. ಮನೆಗೆ ಬಂದು ಆಫೀಸಿನ ಸೈಕ್ಲಿಂಗ್ ವಾಟ್ಸಾಪ್ ಗುಂಪಿಗೆ ಮೊಣಕೈ ಫೋಟೋ ಹಾಕಿ, ‘ಗೋಟ್ ಕ್ರಾಸಿಂಗ್, ನಾಗಾವಿ’ ಅಂತ ಬರೆದೆ. ಎಲ್ಲರೂ ನಕ್ಕರು. ಅಲ್ಲಿಗೆ ಬರುವಷ್ಟರಲ್ಲಿ ಅರ್ಧ ಸುಳ್ಳು ಮುಕ್ಕಾಲಾಗಿತ್ತು, ಅದೂ ನಾನು ಹೊಸದಾಗಿ ಏನನ್ನೂ ಸೇರಿಸದೆ.

ಮರುದಿನ ಸೋಮವಾರ. ನಮ್ಮ ಆಫೀಸಿನಲ್ಲಿ ಒಂದು ಸರ್ವರ್ ಬಿದ್ದಿತ್ತು, ಅದರ ಪೋಸ್ಟ್‌ಮಾರ್ಟಮ್ ಮೀಟಿಂಗು. ನಿಮ್ಮಲ್ಲಿ ಅನೇಕರು ಇಂಥದ್ದರಲ್ಲಿ ಕೂತಿರ್ತೀರಿ. ಟೊಯೊಟಾ ಕಾರ್ಖಾನೆಯಿಂದ ಬಂದ ‘ಐದು ಯಾಕೆ’ ಪದ್ಧತಿ: ಯಾಕೆ ಬಿತ್ತು ಅಂತ ಕೇಳು, ಬಂದ ಉತ್ತರಕ್ಕೆ ಮತ್ತೆ ಯಾಕೆ ಅಂತ ಕೇಳು, ಹೀಗೆ ಐದು ಸಲ ಅಗೆದರೆ ಬೇರು ಸಿಗ್ತದೆ. ನಾನೇ ಆ ಮೀಟಿಂಗ್ ನಡೆಸುತ್ತಿದ್ದೆ. ಜೂನಿಯರ್ ಹುಡುಗಿಯೊಬ್ಬಳು “ಟ್ರಾಫಿಕ್ ಜಾಸ್ತಿಯಾಯಿತು” ಅಂದಳು. “ಅದು ನೆಪ, ಕಾರಣ ಅಲ್ಲ, ಇನ್ನೂ ಒಳಗೆ ಹೋಗು” ಅಂದೆ. ಅಂದವನ ಮೊಣಕೈ ಮೇಲೆ ಬ್ಯಾಂಡೇಜ್ ಇತ್ತು. ಅವರು ಅದನ್ನ ನೋಡಿ ‘ಗೋಟ್ ಕ್ರಾಸಿಂಗ್’ ಅಂತ ಚಾಟಿನಲ್ಲಿ ನಗುತ್ತಿದ್ದರು. ನಾನು ನನ್ನ ಬೀಳುವಿಕೆಯಲ್ಲಿ ಮೊದಲನೇ ‘ಯಾಕೆ’ಗೇ ನಿಂತುಬಿಟ್ಟಿದ್ದೆ, ಅದೂ ತಪ್ಪು ಉತ್ತರಕ್ಕೆ.

ತತ್ವಶಾಸ್ತ್ರದಲ್ಲಿ ‘ಮಾರಲ್ ಲಕ್’ ಅಂತ ಒಂದು ಚರ್ಚೆ ಇದೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎದುರುಬದುರಾಗಿ ಎರಡು ಪ್ರಬಂಧ ಬರೆದರು, ಅಲ್ಲಿಂದ ಆ ಹೆಸರು ಓಡಾಡ್ತಿದೆ. ಸರಳ ಮಾಡಿ ಹೇಳೋದಾದರೆ: ಇಬ್ಬರು ಚಾಲಕರು ಒಂದೇ ಥರ ಅಜಾಗರೂಕರಾಗಿ ಗಾಡಿ ಓಡಿಸ್ತಾರೆ. ಒಬ್ಬನ ಮುಂದೆ ಮಗು ಅಡ್ಡ ಬರ್ತದೆ, ಇನ್ನೊಬ್ಬನ ಮುಂದೆ ಬರೋದಿಲ್ಲ. ಇಬ್ಬರ ತಪ್ಪೂ ಒಂದೇ, ಆದರೆ ನಾವು ಇಬ್ಬರನ್ನೂ ಒಂದೇ ಥರ ನೋಡೋದಿಲ್ಲ. ಅದೃಷ್ಟಕ್ಕೂ ನೀತಿಗೂ ಸಂಬಂಧ ಇರಬೇಕಾ, ಇರಬಾರದಾ ಅನ್ನೋದು ಪ್ರಶ್ನೆ.

ನನಗೆ ಮೊದಲು ಹೊಳೆದದ್ದು ನನ್ನ ಅದೃಷ್ಟ. ಬಿದ್ದದ್ದು ರಸ್ತೆಯ ನಡುವಿಗೆ. ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ. ಪಾಪ ಆ ಟ್ರ್ಯಾಕ್ಟರಿನವನು ಕೇಸು ಅಂತ ಅಲೆಯುತ್ತಿದ್ದ. ಆದರೆ ಇನ್ನೊಂದು ಅದೃಷ್ಟವೂ ಇತ್ತು, ಅದನ್ನು ಒಪ್ಪಿಕೊಳ್ಳೋಕೆ ಎರಡು ದಿನ ಹಿಡೀತು. ನಾನು ಅವತ್ತು ಬಿದ್ದೇ ಬೀಳುತ್ತಿದ್ದೆ. ನಾಗಾವಿಯಲ್ಲಿ ಇಲ್ಲದಿದ್ದರೆ ಮುಂದಿನ ಸಿಗ್ನಲ್ಲಿನಲ್ಲಿ, ಇಲ್ಲವೇ ನಮ್ಮ ಮನೆ ಬಾಗಿಲಲ್ಲಿ. ಬೇರೆಲ್ಲಿ ಬಿದ್ದಿದ್ದರೂ ತಪ್ಪು ನನ್ನ ಮೈಮೇಲೆ ಉಳಿಯುತ್ತಿತ್ತು. ಇಲ್ಲಿ ಅದನ್ನು ಹೊರಿಸೋಕೆ ಒಬ್ಬ ಸಿಕ್ಕ. ಸಿಕ್ಕವನೂ ಎಂಥವನು? ಆಡು ಕಾಯುವ ಹುಡುಗ. ಆ ಹೊತ್ತಿಗೆ ಅವನ ಜಾಗದಲ್ಲಿ ಕಾರಿನಿಂದ ಇಳಿದ ಯಾರಾದರೂ ಇದ್ದಿದ್ದರೆ ಕಾಕಾ ಮೊದಲು ಏನಾಯಿತು ಅಂತ ಕೇಳುತ್ತಿದ್ದರು. ಹುಡುಗನನ್ನು ಯಾರೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ನಾನು ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ, ನನ್ನ ಹೆಲ್ಮೆಟ್ಟು, ಬೂಟು, ‘ಸರ’ ಅನ್ನೋ ಪದ ಎಲ್ಲ ಸೇರಿ ನನ್ನ ಪರವಾಗಿ ಹೇಳಿಬಿಟ್ಟಿದ್ದವು.

ಮುಂದಿನ ರವಿವಾರ ಮತ್ತೆ ಹೋದೆ. ಅದೇ ಸೈಕಲ್ಲು, ಅದೇ ಪೆಡಲ್ಲು. ಬೆನ್ನಿನ ಜೇಬಿನಲ್ಲಿ ಒಂದು ದೊಡ್ಡ ಚಾಕಲೇಟು. ಈ ಚಾಕಲೇಟಿನ ವಿಷಯ ಬರೆಯೋಕೆ ಸಂಕೋಚ, ಆದರೂ ಇರಲಿ. ನಗರದಲ್ಲಿರುವ ನಮಗೆ ಸಣ್ಣವರಿಗೆ ಮಾಡಿದ ಅನ್ಯಾಯವನ್ನು ತಿಂಡಿಯಿಂದ ತೀರಿಸಬಹುದು ಅಂತ ಯಾರೋ ಹೇಳಿಕೊಟ್ಟಿದ್ದಾರೆ.

ಹುಡುಗ ಗುಡ್ಡದ ಕಡೆಗಿನ ದಾರಿಯಲ್ಲಿ ಸಿಕ್ಕ. ನನ್ನನ್ನು ದೂರದಿಂದಲೇ ಗುರುತಿಸಿದ ಅನಿಸ್ತದೆ. ಬರಲು ಬೀಸಿ ಎಲ್ಲ ಆಡುಗಳನ್ನೂ ರಸ್ತೆಯಿಂದ ಕೆಳಗೆ ಇಳಿಸಿದ. ಒಂದು ಮರಿ ಮಾತು ಕೇಳಲಿಲ್ಲ, ಅದರ ಕಿವಿ ಹಿಡಿದು ನಿಂತುಕೊಂಡ, ನಾನು ದಾಟಿ ಹೋಗಲಿ ಅಂತ. ನಾನು ಬಹಳ ಮುಂಚೆಯೇ ಎರಡೂ ಕಾಲು ಬಿಡಿಸಿಕೊಂಡು ಇಳಿದೆ.

“ತಮ್ಮಾ, ಅವತ್ತು ನಿನ್ನ ಆಡಿಂದೇನೂ ತಪ್ಪಿರಲಿಲ್ಲ,” ಅಂದೆ. “ನನ್ನ ಬೂಟು ಸಿಕ್ಕಿಕೊಂಡಿತ್ತು. ನಾನs ಬಿದ್ದೆ.”

ಅವನು ಬೂಟು ನೋಡಿದ. ಪೆಡಲ್ ನೋಡಿದ. “ನನಗ್ಯಾಕ ಹೇಳ್ತೀರಿ?” ಅಂದ. ಸಿಟ್ಟಿನಿಂದಲ್ಲ, ನಿಜವಾಗಿ ಗೊತ್ತಾಗದವನ ಹಾಗೆ. “ನಾ ನೋಡೀನಲ್ಲ. ಕಾಕಾಗ ಹೇಳ್ರಿ.”

ಚಾಕಲೇಟು ಜೇಬಿನಲ್ಲೇ ಉಳಿಯಿತು.

ಅಲ್ಲಿಂದ ಸ್ವಲ್ಪ ದೂರ ಸೈಕಲ್ ತಳ್ಳಿಕೊಂಡೇ ಹೋದೆ. ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ, 2016ರ ಕಾಯ್ದೆಯಿಂದ ಹುಟ್ಟಿದ್ದು. ಅದರ ಆವರಣದಲ್ಲಿ ಗಾಂಧಿಯ ಸಾಬರಮತಿ ಆಶ್ರಮದ ಒಂದು ಪ್ರತಿರೂಪ ಕಟ್ಟಿದ್ದಾರೆ. ನಾನು ಗಾಂಧಿ ಭಕ್ತನೇನಲ್ಲ, ಆದರೆ ಆ ಊರಿನಲ್ಲಿ ಆ ತಲೆಬಿಸಿಯಲ್ಲಿ ನಡೆಯುವವನಿಗೆ ಅವರ ಆತ್ಮಕಥೆಯ ಕಳ್ಳತನದ ಪ್ರಸಂಗ ನೆನಪಾಗದೇ ಇರೋದಿಲ್ಲ. ಹದಿನೈದರ ಹುಡುಗ ಅಣ್ಣನ ಬಂಗಾರದ ಕಡಗದಿಂದ ಒಂದು ಚೂರು ಕದ್ದ. ಬಾಯಲ್ಲಿ ಹೇಳೋಕೆ ಧೈರ್ಯ ಬರದೆ ಚೀಟಿಯಲ್ಲಿ ಬರೆದು, ನಡುಗುತ್ತಾ, ಕಾಯಿಲೆ ಮಲಗಿದ್ದ ತಂದೆಯ ಕೈಗೆ ಕೊಟ್ಟ. ತಂದೆ ಓದಿ ಅತ್ತರು, ಚೀಟಿ ಹರಿದು ಹಾಕಿದರು. ಈ ಕಥೆಯನ್ನು ಶಾಲೆಯಲ್ಲಿ ಸತ್ಯದ ಪಾಠ ಅಂತ ಓದಿದ್ದೆ. ಅವತ್ತು ಅದರಲ್ಲಿ ಬೇರೊಂದು ಸಂಗತಿ ಕಂಡಿತು: ಚೀಟಿ ಯಾರಿಗೆ ಹೋಯಿತು ಅನ್ನೋದು. ಆ ಹುಡುಗ ಹೇಳಿದ್ದು, ಯಾರ ಮುಂದೆ ಹೇಳಿದರೆ ಅತ್ಯಂತ ಕಷ್ಟವೋ ಅವರಿಗೆ. ನಾನು ಹೇಳಿದ್ದು, ಯಾರ ಮುಂದೆ ಹೇಳಿದರೆ ನನಗೆ ಏನೂ ಖರ್ಚಿಲ್ಲವೋ ಅವನಿಗೆ. ಅವನಿಗೆ ನಿಜ ಮೊದಲೇ ಗೊತ್ತಿತ್ತು. ಗೊತ್ತಿದ್ದವನಿಗೆ ಗೊತ್ತಿದ್ದನ್ನೇ ಹೇಳಿ, ನನ್ನ ಎದೆ ಹಗುರ ಮಾಡಿಕೊಂಡು ಮನೆಗೆ ಹೋಗುವ ಪ್ಲಾನು ಅದು. ಅವನು ಕಳೆದುಕೊಂಡದ್ದು ನನ್ನ ಹತ್ತಿರ ಇರಲಿಲ್ಲ, ಅದು ಚಾದಂಗಡಿಯಲ್ಲಿತ್ತು.

ಚಾದಂಗಡಿಯಲ್ಲಿ ಕಾಕಾ ಇದ್ದರು. ಅದೇ ಬಿಳಿ ಟೊಪ್ಪಿಗೆ, ಬಸಿಯಲ್ಲಿ ಚಾ. ಇನ್ನೂ ಮೂವರಿದ್ದರು. ಇಲ್ಲದಿದ್ದರೆ ಚೆನ್ನಾಗಿತ್ತು ಅಂತ ಒಂದು ಕ್ಷಣ ಅನಿಸಿತು, ಆಮೇಲೆ ಇರೋದೇ ಸರಿ ಅಂದುಕೊಂಡೆ. ಹೇಳಿದೆ. ಹೇಳಿದರೆ ಯಾರಿಗೂ ಅರ್ಥ ಆಗಲಿಲ್ಲ. ನಿಂತವನು ಬೀಳೋದು ಅಂದರೇನು? ಕೊನೆಗೆ ಬೂಟು ಮಗುಚಿ ಕ್ಲೀಟ್ ತೋರಿಸಿದೆ, ಅಂಗಡಿಯ ಕಂಬ ಹಿಡಿದುಕೊಂಡು ಸೈಕಲ್ ಏರಿ ಕಾಲು ಸಿಕ್ಕಿಸಿ, ಎತ್ತಿ ತೋರಿಸಿದೆ. ಬರೋದಿಲ್ಲ ನೋಡ್ರಿ. ತಿರುಗಿಸಿದರೆ ಬರ್ತದೆ ನೋಡ್ರಿ. ಅವತ್ತು ತಿರುಗಿಸೋದು ಮರೆತೆ. ಆಡು ಆಗಲೇ ದಾಟಿ ಹೋಗಿದ್ದವು.

ನಕ್ಕರು. ನಾನು ಎಣಿಸಿದ್ದಕ್ಕಿಂತ ಜೋರಾಗಿ ನಕ್ಕರು. “ಜೀನ ಹಾಕಿ ಕುದುರಿಗೆ ಕಟ್ಟಿದಂಗಾತಲ್ರೀ,” ಅಂತ ಒಬ್ಬರು. ನಾನೂ ನಕ್ಕೆ, ಅಷ್ಟೇನೂ ಕಷ್ಟ ಆಗಲಿಲ್ಲ. ಇದಕ್ಕೆ ಹೆದರಿ ಹಾಗೆ ಮಾಡಿದೆನಾ ಅಂತ ಬೇಜಾರಾಯಿತು.

ಕಾಕಾ ಮಾತ್ರ ನಗಲಿಲ್ಲ. ಬಸಿ ಕೆಳಗಿಟ್ಟರು.

“ಅವತ್ತು ನೀವು ಹ್ವಾದ ಮ್ಯಾಲೆ ಆ ಹುಡುಗ ನನಗ ಹೇಳಿತ್ತು,” ಅಂದರು. “‘ಕಾಕಾ, ಆಡು ದಾಟಿದ್ದೂರಿ, ಅವರು ನಿಂತು ಬಿದ್ರು’ ಅಂತ. ನಿಂತಾಂವ ಯಾಂವ ಬೀಳ್ತಾನಲೇ, ಸುಳ್ಳ ಹೇಳ್ತೀಯೇನು ಅಂತ ಇನ್ನೊಂದು ಕೊಟ್ಟೆ.”

ಯಾರೂ ಏನೂ ಅನ್ನಲಿಲ್ಲ. ಅಂಗಡಿಯವನು ಸ್ಟೋವಿನ ಉರಿ ಸಣ್ಣ ಮಾಡಿದ.

“ಸಂಜೀಕೆ ಬರ್ತಾನ ಅಂವ, ಆಡು ಹೊಡಕೊಂಡು,” ಅಂದರು ಕಾಕಾ. “ಆವಾಗ ನೀವೂ ಇರ್ತೀರೇನು?”

ಗಡಿಯಾರ ನೋಡಿದೆ, ಒಂಬತ್ತೂವರೆ. ಇರ್ತೀನ್ರಿ ಅಂದೆ. ಅಂಗಡಿಯವನು ನನಗೂ ಒಂದು ಚಾ ಹಾಕಿದ.